ಆಟದ ಬಯಲಿನ ಅಡಿಯಲ್ಲಿ ಮಳೆಯ ತೊಟ್ಟಿ

ಆಷಾಢದಲ್ಲಿ ಮಳೆ ಹಿಡಿದ ದಿನ ಕುಮಟಾ ತಾಲೂಕಿನ ಕಾಗಾಲದ ಕಡೆಗೆ ಹೋದವರಿಗೆ ನೀರಿನ ಪ್ರತಾಪವನ್ನು ಬೇರೆಯಾಗಿ ವರ್ಣಿಸಬೇಕಾದುದಿಲ್ಲ. ಒಂದೆಡೆ ಗುಡ್ಡದಿಂದ ಇಳಿದು ಬರುವ ಕೆಂಪು ನೀರು. ಇನ್ನೊಂದೆಡೆ ಅಘನಾಶಿನಿಯ ಅಳಿವೆಯಲ್ಲಿ ಏರಿ ಬರುವ ಕಡಲಿನ ಉಬ್ಬರ. ಇಂತಹ ಸ್ಥಳದಲ್ಲಿ ಮಳೆಯ ನೀರನ್ನು ಕೆಲವು ತಾಸುಗಳ ಕಾಲ ನೆಲದೊಳಗೆ ಕೂಡಿಟ್ಟು, ಅದರ ಮೇಲೆ ಮಕ್ಕಳು ಆಡುವ ಬಯಲನ್ನು ಉಳಿಸಿಕೊಳ್ಳಬಹುದೆ? ಈ ಪ್ರಶ್ನೆಯನ್ನು ನಾವು ಭೌತವಿಜ್ಞಾನದ ನೆರವಿನಿಂದ ವಿಚಾರಿಸೋಣ.

ಮೊದಲು ನೀರಿನ ಲೆಕ್ಕ. ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರು ನೀರು. ೧೦೦ ಮೀಟರು ಉದ್ದ, ೬೦ ಮೀಟರು ಅಗಲದ ಬಯಲಿನ ಮೇಲೆ ೧೦೦ ಮಿಲಿಮೀಟರು ಮಳೆ ಸುರಿಯಿತೆನ್ನಿ; ನಮ್ಮ ಕರಾವಳಿಯಲ್ಲಿ ಒಂದೇ ದಿನ ಇಷ್ಟು ಮಳೆ ಬೀಳುವುದು ಅಪೂರ್ವವಲ್ಲ. ಆಗ ಬಿದ್ದ ನೀರು ೬ ಲಕ್ಷ ಲೀಟರು, ಅಂದರೆ ೬೦೦ ಘನ ಮೀಟರು. ಇದನ್ನು ಹಿಡಿಯಲು ೨೦ ಮೀಟರು ಉದ್ದ, ಅಷ್ಟೇ ಅಗಲ, ಒಂದೂವರೆ ಮೀಟರು ಆಳದ ತೊಟ್ಟಿ ಸಾಕು. ಅದು ಬಯಲಿನ ಹದಿನೈದರಲ್ಲಿ ಒಂದು ಪಾಲು ಮಾತ್ರ!

ನೀರನ್ನು ಕೂಡಿಡುವುದೇಕೆ, ನೇರವಾಗಿ ಹೊಳೆಗೆ ಬಿಡಬಾರದೆ? ಇದಕ್ಕೆ ಉತ್ತರವನ್ನು ಗಜನಿ ಗದ್ದೆಯ ರೈತರು ಬಲ್ಲರು. ಉಬ್ಬರದ ವೇಳೆ ಹೊಳೆಯ ಮಟ್ಟ ಗದ್ದೆಯ ನೀರಿಗಿಂತ ಮೇಲಾಗುತ್ತದೆ. ಆಗ ಒಡ್ಡಿನ ತೂಬನ್ನು ತೆರೆದರೆ ಒಳಗಿನ ನೀರು ಹೊರಗೆ ಹೋಗುವುದಿರಲಿ, ಹೊರಗಿನ ನೀರೇ ಒಳಗೆ ನುಗ್ಗುತ್ತದೆ. ಆದುದರಿಂದ ತೂಬನ್ನು ಉಬ್ಬರದಲ್ಲಿ ಮುಚ್ಚಿ, ಸುಮಾರು ಆರು ತಾಸುಗಳ ತರುವಾಯ ಇಳಿತ ಬಂದಾಗ ತೆರೆಯಬೇಕು. ಈ ನಡುವಣ ಅವಧಿಯಲ್ಲಿ ಮಳೆಯ ನೀರಿಗೆ ನಿಲ್ಲಲು ಎಡೆ ದೊರೆಯದಿದ್ದರೆ ಅದೇ ನೆರೆಯಾಗುತ್ತದೆ.

ನಮ್ಮ ಜಿಲ್ಲೆಯು ೧೯೫೬ರ ವರೆಗೆ ಸೇರಿದ್ದ ಮುಂಬಯಿ ಪ್ರಾಂತದ ರಾಜಧಾನಿಯಲ್ಲಿಯೂ ತೊಡಕು ಇದೇ. ಮುಂಬಯಿಯ ಹಿಂದ್‌ಮಾತಾ ಪ್ರದೇಶವು ಬಟ್ಟಲಿನಂತೆ ತಗ್ಗಾಗಿದೆ. ಉಬ್ಬರದ ಹೊತ್ತಿನಲ್ಲಿ ಅಲ್ಲಿನ ಚರಂಡಿಯ ನೀರು ಕಡಲಿಗೆ ಸುಲಭವಾಗಿ ಹರಿಯದು. ೨೦೨೧ರಲ್ಲಿ ಆ ನಗರದ ಮಹಾನಗರಪಾಲಿಕೆಯು ದಾದರಿನ ಪ್ರಮೋದ್ ಮಹಾಜನ್ ಉದ್ಯಾನ, ಪರೇಲಿನ ಸೇಂಟ್ ಝೇವಿಯರ್ ಮೈದಾನ ಇವುಗಳ ಅಡಿಯಲ್ಲಿ ದೊಡ್ಡ ತೊಟ್ಟಿಗಳನ್ನು ಕಟ್ಟುವ ಕೆಲಸವನ್ನು ಕೈಗೊಂಡಿತು. ತಗ್ಗಿನ ನೀರನ್ನು ಪಂಪುಗಳಿಂದ ಅವುಗಳಿಗೆ ಸಾಗಿಸಿ, ಇಳಿತದ ವೇಳೆ ಹೊರಗೆ ಬಿಡುವುದು ಅದರ ಕ್ರಮ. ಗಜನಿಯ ತೂಬಿನ ತತ್ತ್ವವೇ ನಗರದ ನೆಲದೊಳಗೆ ಇಳಿದಂತಾಯಿತು.

ಇಂತಹ ತೊಟ್ಟಿಗೆ ಅಪಾಯ ಯಾವಾಗ ಹೆಚ್ಚು ಎಂದು ತರಗತಿಯಲ್ಲಿ ಕೇಳಿದರೆ, ನೀರು ತುಂಬಿದಾಗ ಎಂಬ ಉತ್ತರ ಒಡನೆ ಬರುತ್ತದೆ. ವಾಸ್ತವವಾಗಿ ಅದು ಬರಿದಾದಾಗಲೂ ಅಪಾಯವುಂಟು. ಕರಾವಳಿಯಲ್ಲಂತೂ ಇದೇ ಮುಖ್ಯ. ಮುಂದಿನ ಮಳೆಗೆ ಎಡೆಯಿರಬೇಕಾದರೆ ತೊಟ್ಟಿಯನ್ನು ಬರಿದು ಮಾಡಲೇಬೇಕು. ಆದರೆ ಮಳೆಗಾಲದಲ್ಲಿ ಸುತ್ತಲಿನ ಅಂತರ್ಜಲ ಮೇಲೇರಿರುತ್ತದೆ. ಆಗ ಬರಿದಾದ ತೊಟ್ಟಿಯೆಂದರೆ ನೀರಿನಲ್ಲಿ ಅದ್ದಿಟ್ಟ ದೋಣಿ!

ಆರ್ಕಿಮಿಡೀಸನ ತತ್ತ್ವವನ್ನು ಇಲ್ಲಿ ಅನ್ವಯಿಸೋಣ. ಮೇಲೆ ಹೇಳಿದ ತೊಟ್ಟಿಯ ಗೋಡೆ, ತಳ, ಚಾವಣಿಗಳು ೨೫ ಸೆಂಟಿಮೀಟರು ದಪ್ಪವಿದ್ದರೆ ಅದರ ಹೊರ ಗಾತ್ರ ಸುಮಾರು ೮೪೦ ಘನ ಮೀಟರು. ಅಂತರ್ಜಲವು ಚಾವಣಿಯ ಮಟ್ಟಕ್ಕೆ ಏರಿದರೆ ೮೪೦ ಟನ್ನಿನ ಬಲ ಅದನ್ನು ಮೇಲಕ್ಕೆ ಎತ್ತುತ್ತದೆ. ಕಾಂಕ್ರೀಟಿನ ತೂಕವಾದರೋ ಸುಮಾರು ೫೮೦ ಟನ್. ೨೬೦ ಟನ್ ಕೊರತೆ! ತೊಟ್ಟಿ ಮೇಲೇಳುತ್ತದೆ, ಬಯಲು ಬಿರಿಯುತ್ತದೆ.

ಈಗ ಚಾವಣಿಯ ಮೇಲೆ ಒಂದು ಮೀಟರು ಮಣ್ಣು ಹಾಕೋಣ. ಅದರ ಗಾತ್ರ ಸುಮಾರು ೪೨೦ ಘನ ಮೀಟರು. ಆ ಮಣ್ಣು ಪೂರ್ತಿಯಾಗಿ ನೀರಿನಲ್ಲಿ ಮುಳುಗಿದರೂ ಘನ ಮೀಟರಿಗೆ ಸುಮಾರು ಒಂದು ಟನ್ ಭಾರವನ್ನು ಉಳಿಸಿಕೊಳ್ಳುತ್ತದೆ. ೪೨೦ ಟನ್ ದೊರೆಯಿತು, ಕೊರತೆ ನೀಗಿತು. ಅದನ್ನು ಹೊರಲು ಚಾವಣಿಗೆ ಕಂಬಗಳು ಬೇಕು, ಅಷ್ಟೆ. ಹೀಗೆ ಮಕ್ಕಳು ಆಡುವ ಬಯಲು ತೊಟ್ಟಿಯ ಅಲಂಕಾರವಲ್ಲ, ಅದರ ಲಂಗರು.

ಜಪಾನಿನ ಕಾಸುಕಾಬೆಯಲ್ಲಿ ೨೦೦೬ರಲ್ಲಿ ಪೂರ್ಣಗೊಂಡ ನೆರೆ ನಿವಾರಣೆಯ ಸುರಂಗಕ್ಕೆ ೧೭೭ ಮೀಟರು ಉದ್ದದ ಭೂಗತ ತೊಟ್ಟಿಯೊಂದಿದೆ. ಅದರ ಮೇಲೆ ಕಾಲ್ಚೆಂಡಿನ ಮೈದಾನವಿದೆ. ಒಳಗಿನ ೫೯ ಕಂಬಗಳು ತಲಾ ಸುಮಾರು ೫೦೦ ಟನ್ ತೂಗುತ್ತವೆ. ಚಾವಣಿಯನ್ನು ಹೊರುವುದರ ಜೊತೆಗೆ ಅಂತರ್ಜಲದ ಎತ್ತುವಿಕೆಯನ್ನು ತಡೆಯುವುದೂ ಅವುಗಳ ಕೆಲಸ.

ಕಾಗಾಲದಂತಹ ಊರಿನಲ್ಲಿ ಇಂತಹ ಯೋಜನೆಯನ್ನು ಎಣಿಸುವವರು ಮೊದಲು ಬಾವಿಗಳನ್ನು ಇಣುಕಿ ನೋಡಬೇಕು, ಅದೂ ವೈಶಾಖದಲ್ಲಲ್ಲ, ಆಷಾಢದಲ್ಲಿ. ಬಾವಿಯ ನೀರು ಕೈಗೆಟುಕುವಂತಿದ್ದರೆ ತೊಟ್ಟಿಯನ್ನು ಗುಡ್ಡದ ಚಿರೆಕಲ್ಲಿನ ನೆಲಕ್ಕೆ ಏರಿಸಬೇಕು, ಇಲ್ಲವೆ ಮೇಲಿನ ಭಾರವನ್ನು ಹೆಚ್ಚಿಸಬೇಕು.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಬಕೆಟಿನ ತಳದಲ್ಲಿ ಖಾಲಿ ಲೋಟವನ್ನು ನಿಲ್ಲಿಸಿ, ಅದರ ಸುತ್ತ ಮೆಲ್ಲನೆ ನೀರು ಹೊಯ್ಯಿರಿ. ಲೋಟ ಎದ್ದು ತೇಲುವುದು. ಬಳಿಕ ಅದರ ಬಾಯಿಗೆ ತಟ್ಟೆಯನ್ನು ಮುಚ್ಚಿ, ತಟ್ಟೆಯ ಮೇಲೆ ಎಷ್ಟು ಮಣ್ಣು ಹಾಕಿದರೆ ಅದು ಕದಲದೆ ನಿಲ್ಲುವುದೆಂದು ತೂಗಿ ನೋಡಿರಿ.