ಜಾಂಗೊ ಯೋಜನೆಯಲ್ಲಿ ಸಮುದಾಯದ ಪಾಲ್ಗೊಳ್ಳುವಿಕೆ

ಜಾಂಗೊ ಪೈಥಾನ್ ಭಾಷೆಯಲ್ಲಿ ಬರೆಯಲಾದ ಒಂದು ಮುಕ್ತ ಆಕರ ವೆಬ್ ಫ್ರೇಮ್‌ವರ್ಕ್. ಇಂಗ್ಲಿಷ್ ಕಾಗುಣಿತದಲ್ಲಿ ಹೆಸರಿನ ಮೊದಲಿಗೆ ಬರುವ 'ಡಿ' ಅಕ್ಷರವನ್ನು ಉಚ್ಚರಿಸುವುದಿಲ್ಲ. ಡೇಟಾಬೇಸ್‌ನೊಂದಿಗೆ ವ್ಯವಹರಿಸುವುದು, ಬಳಕೆದಾರರ ಲಾಗಿನ್, ನಮೂನೆಗಳ ಪರಿಶೀಲನೆ, ನಿರ್ವಹಣಾ ಪುಟಗಳು ಮುಂತಾಗಿ ಪ್ರತಿಯೊಂದು ಜಾಲತಾಣಕ್ಕೂ ಬೇಕಾಗುವ ಭಾಗಗಳನ್ನು ಇದು ಸಿದ್ಧರೂಪದಲ್ಲಿ ಒದಗಿಸುತ್ತದೆ. ಒಂದು ಪತ್ರಿಕಾ ಕಚೇರಿಯ ಒಳಬಳಕೆಗಾಗಿ ಹುಟ್ಟಿದ ಈ ತಂತ್ರಾಂಶವನ್ನು ಈಗ ಹಲವು ದೇಶಗಳ ಸ್ವಯಂಸೇವಕರು ಮತ್ತು ಕೆಲವೇ ಮಂದಿ ವೇತನ ಪಡೆಯುವ ಕಾರ್ಯಕರ್ತರು ಸೇರಿ ನಡೆಸುತ್ತಾರೆ. ಕೆಲಸವನ್ನು ಯಾರು ಮಾಡಬೇಕು, ತೀರ್ಮಾನ ಯಾರದು ಎಂಬ ಪ್ರಶ್ನೆಗಳಿಗೆ ಈ ಯೋಜನೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರಗಳನ್ನು ಕಂಡುಕೊಂಡಿದೆ. ಆದ್ದರಿಂದ ಮುಕ್ತ ತಂತ್ರಾಂಶ ಸಮುದಾಯಗಳ ಅಧ್ಯಯನಕ್ಕೆ ಇದು ಒಳ್ಳೆಯ ಉದಾಹರಣೆಯಾಗಿದೆ.

ಹಿನ್ನೆಲೆ

ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ನಗರದಿಂದ ಪ್ರಕಟವಾಗುವ 'ಲಾರೆನ್ಸ್ ಜರ್ನಲ್-ವರ್ಲ್ಡ್' ಪತ್ರಿಕೆಯ ವೆಬ್ ವಿಭಾಗದಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲ್ಲಿಸನ್ 2003ರಲ್ಲಿ ಈ ತಂತ್ರಾಂಶವನ್ನು ಬರೆಯಲು ಆರಂಭಿಸಿದರು. ಸುದ್ದಿಮನೆಯ ಗಡುವಿಗೆ ತಕ್ಕಂತೆ ಕೆಲವೇ ದಿನಗಳಲ್ಲಿ, ಒಮ್ಮೊಮ್ಮೆ ಕೆಲವೇ ಗಂಟೆಗಳಲ್ಲಿ, ಹೊಸ ಪುಟಗಳನ್ನು ಸಿದ್ಧಪಡಿಸಬೇಕಾಗಿತ್ತು. ಮತ್ತೆ ಮತ್ತೆ ಬರೆಯಬೇಕಾಗಿ ಬರುತ್ತಿದ್ದ ಭಾಗಗಳನ್ನು ಅವರು ಬೇರ್ಪಡಿಸಿ ಒಂದೆಡೆ ಸೇರಿಸಿದರು. ಮುಂದೆ ಜೇಕಬ್ ಕಪ್ಲಾನ್-ಮಾಸ್ ಈ ಕೆಲಸದಲ್ಲಿ ಜೊತೆಯಾದರು. 2005ರ ಜುಲೈನಲ್ಲಿ ತಂತ್ರಾಂಶವನ್ನು ಬಿಎಸ್‌ಡಿ ಪರವಾನಗಿಯಡಿ ಸಾರ್ವಜನಿಕಗೊಳಿಸಲಾಯಿತು. ಜಾಝ್ ಗಿಟಾರ್ ವಾದಕ ಜಾಂಗೊ ರೈನ್‌ಹಾರ್ಟ್ ಅವರ ಹೆಸರನ್ನು ಅದಕ್ಕೆ ಇಡಲಾಯಿತು.

ಬಿಎಸ್‌ಡಿ ಪರವಾನಗಿಯ ಪ್ರಕಾರ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು, ಬದಲಾಯಿಸಬಹುದು, ಮಾರುವ ಸರಕಿನಲ್ಲಿಯೂ ಸೇರಿಸಬಹುದು. ಮಾಡಿದ ಬದಲಾವಣೆಯನ್ನು ಹಿಂದಿರುಗಿಸಿ ಕೊಡಬೇಕೆಂಬ ಕಟ್ಟುಪಾಡು ಇಲ್ಲ. ಹೀಗಾಗಿ ಜಾಂಗೊವಿಗೆ ಬರುವ ಪ್ರತಿಯೊಂದು ಕೊಡುಗೆಯೂ ಕೊಡುವವರ ಇಚ್ಛೆಯಿಂದಲೇ ಬಂದದ್ದಾಗಿರುತ್ತದೆ.

2008ರ ಜೂನ್‌ನಲ್ಲಿ ಜಾಂಗೊ ಸಾಫ್ಟ್‌ವೇರ್ ಫೌಂಡೇಶನ್ ಎಂಬ ಲಾಭರಹಿತ ಪ್ರತಿಷ್ಠಾನ ಸ್ಥಾಪನೆಯಾಯಿತು. ಹೆಸರಿನ ವ್ಯಾಪಾರಮುದ್ರೆ, ದೇಣಿಗೆ ಮತ್ತು ಕಾನೂನಿನ ವ್ಯವಹಾರಗಳು ಈ ಪ್ರತಿಷ್ಠಾನದ ಹೊಣೆಯಾಗಿವೆ. ಅದೇ ವರ್ಷದ ಸೆಪ್ಟೆಂಬರ್ 3ರಂದು 1.0 ಆವೃತ್ತಿ ಬಿಡುಗಡೆಯಾಯಿತು. ಅದೇ ತಿಂಗಳು ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿರುವ ಗೂಗಲ್ ಆವರಣದಲ್ಲಿ ಮೊದಲ 'ಜಾಂಗೊಕಾನ್' ಸಮ್ಮೇಳನ ನಡೆಯಿತು.

ಪಾಲ್ಗೊಳ್ಳುವಿಕೆಯ ಬಗೆಗಳು

ಮುಕ್ತ ತಂತ್ರಾಂಶಕ್ಕೆ ಕೊಡುಗೆ ಎಂದರೆ ಕೋಡ್ ಬರೆಯುವುದು ಎಂಬ ಅಭಿಪ್ರಾಯ ಸಾಮಾನ್ಯವಾಗಿದೆ. ಜಾಂಗೊದಲ್ಲಿ ನಡೆಯುವ ಕೆಲಸದ ದೊಡ್ಡ ಪಾಲು ಬೇರೆ ಸ್ವರೂಪದ್ದು:

* ದೋಷಗಳನ್ನು ವರದಿ ಮಾಡುವುದು ಮತ್ತು ಇತರರು ವರದಿ ಮಾಡಿದ ದೋಷ ನಿಜವಾಗಿಯೂ ಇದೆಯೇ ಎಂದು ಪರೀಕ್ಷಿಸುವುದು
* ಇತರರು ಬರೆದ ಕೋಡನ್ನು ಓದಿ ವಿಮರ್ಶಿಸುವುದು
* ಕೈಪಿಡಿ ಮತ್ತು ಪಾಠಗಳನ್ನು ಬರೆಯುವುದು, ತಿದ್ದುವುದು
* ಬಳಕೆದಾರರ ಪ್ರಶ್ನೆಗಳಿಗೆ ಉತ್ತರಿಸುವುದು
* ತಂತ್ರಾಂಶದ ಸಂದೇಶಗಳನ್ನು ಬೇರೆ ಭಾಷೆಗಳಿಗೆ ಅನುವಾದಿಸುವುದು
* ಸಮ್ಮೇಳನ ಮತ್ತು ಕಾರ್ಯಾಗಾರಗಳನ್ನು ನಡೆಸುವುದು

ಕೈಪಿಡಿಗೆ ಈ ಯೋಜನೆಯಲ್ಲಿ ಮೊದಲಿನಿಂದಲೂ ವಿಶೇಷ ಸ್ಥಾನವಿದೆ. ಹೊಸ ಸೌಲಭ್ಯವೊಂದಕ್ಕೆ ಅದರ ವಿವರಣೆಯನ್ನೂ ಪರೀಕ್ಷೆಗಳನ್ನೂ ಬರೆಯದಿದ್ದರೆ ಅದನ್ನು ಸೇರಿಸಿಕೊಳ್ಳುವುದಿಲ್ಲ. ಕೈಪಿಡಿಯ ಒಂದು ವಾಕ್ಯವನ್ನು ತಿದ್ದುವುದು ಅನೇಕರಿಗೆ ಮೊದಲ ಕೊಡುಗೆಯಾಗಿರುತ್ತದೆ. ಕಲಿಯುವವರಿಗೆ ಅರ್ಥವಾಗದ ಕಡೆಯನ್ನು ಪರಿಣತರಿಗಿಂತ ಹೊಸಬರೇ ಬೇಗ ಗುರುತಿಸುವುದರಿಂದ ಇಂತಹ ತಿದ್ದುಪಡಿಗಳಿಗೆ ಬೆಲೆಯಿದೆ.

ಟಿಕೆಟ್ ವ್ಯವಸ್ಥೆ

ದೋಷದ ವರದಿಗಳನ್ನು ಮತ್ತು ಸುಧಾರಣೆಯ ಕೆಲಸಗಳನ್ನು 'ಟಿಕೆಟ್' ಎಂಬ ಸಂಖ್ಯೆಯುಳ್ಳ ದಾಖಲೆಗಳ ರೂಪದಲ್ಲಿ ಇಡಲಾಗುತ್ತದೆ. ಇದಕ್ಕೆ 'ಟ್ರ್ಯಾಕ್' ಎಂಬ ತಂತ್ರಾಂಶವನ್ನು ಬಳಸಲಾಗುತ್ತದೆ. ಆಕರ ಕೋಡ್ 2012ರಿಂದ ಗಿಟ್‌ಹಬ್‌ನಲ್ಲಿದೆ.

ಹೊಸ ಟಿಕೆಟ್ ಮೊದಲು 'ಪರಿಶೀಲಿಸದ' ಹಂತದಲ್ಲಿರುತ್ತದೆ. ಯಾರಾದರೂ ಅದನ್ನು ಓದಿ, ದೋಷವನ್ನು ತಮ್ಮ ಯಂತ್ರದಲ್ಲಿ ಮರುಸೃಷ್ಟಿಸಿ ನೋಡಿ, ನಿಜವೆಂದು ಕಂಡರೆ 'ಅಂಗೀಕೃತ' ಎಂದು ಗುರುತು ಹಾಕುತ್ತಾರೆ. ಬಳಿಕ ಒಬ್ಬರು ಪರಿಹಾರದ ಕೋಡ್, ಅಂದರೆ ಪ್ಯಾಚ್ ಬರೆಯುತ್ತಾರೆ. ದೋಷವು ಮತ್ತೆ ಮರುಕಳಿಸಿದರೆ ತಿಳಿಸುವಂತಹ ಒಂದು ಪರೀಕ್ಷೆಯೂ ಆ ಪ್ಯಾಚ್‌ನಲ್ಲಿ ಇರಬೇಕು. ಪ್ಯಾಚ್ ಬರೆದವರಲ್ಲದ ಇನ್ನೊಬ್ಬರು ಅದನ್ನು ವಿಮರ್ಶಿಸಿ 'ಸೇರ್ಪಡೆಗೆ ಸಿದ್ಧ' ಎಂಬ ಹಂತಕ್ಕೆ ಏರಿಸುತ್ತಾರೆ. ತಮ್ಮ ಪ್ಯಾಚ್‌ಗೆ ತಾವೇ ಈ ಗುರುತು ಹಾಕಿಕೊಳ್ಳುವಂತಿಲ್ಲ. ಕೊನೆಗೆ ಸೇರಿಸುವ ಅಧಿಕಾರವುಳ್ಳವರು ಅದನ್ನು ಮುಖ್ಯ ಕೋಡಿನಲ್ಲಿ ಸೇರಿಸುತ್ತಾರೆ.

ಕೊನೆಯ ಹಂತವನ್ನು ಬಿಟ್ಟರೆ ಉಳಿದ ಯಾವ ಹಂತಕ್ಕೂ ವಿಶೇಷ ಅನುಮತಿ ಬೇಕಾಗಿಲ್ಲ. ಟಿಕೆಟ್‌ಗಳನ್ನು ವಿಂಗಡಿಸುವುದನ್ನೂ ಪ್ಯಾಚ್‌ಗಳನ್ನು ವಿಮರ್ಶಿಸುವುದನ್ನೂ ಆಸಕ್ತರು ಯಾರು ಬೇಕಾದರೂ ಮಾಡಬಹುದು. ಭದ್ರತೆಗೆ ಸಂಬಂಧಿಸಿದ ದೋಷಗಳು ಮಾತ್ರ ಇದಕ್ಕೆ ಅಪವಾದ. ಪರಿಹಾರ ಸಿದ್ಧವಾಗುವ ಮೊದಲೇ ಅವು ಬಹಿರಂಗವಾದರೆ ಜಾಲತಾಣಗಳಿಗೆ ಅಪಾಯ ಉಂಟಾಗುವುದರಿಂದ, ಅವುಗಳನ್ನು ಖಾಸಗಿಯಾಗಿ ಭದ್ರತಾ ತಂಡಕ್ಕೆ ತಿಳಿಸಬೇಕೆಂಬ ನಿಯಮವಿದೆ.

ಆಡಳಿತದ ಬೆಳವಣಿಗೆ

ಆರಂಭದ ವರ್ಷಗಳಲ್ಲಿ ಹೊಲೊವಾಟಿ ಮತ್ತು ಕಪ್ಲಾನ್-ಮಾಸ್ ಅವರ ಮಾತೇ ಅಂತಿಮವಾಗಿತ್ತು. ಮುಕ್ತ ತಂತ್ರಾಂಶ ಲೋಕದಲ್ಲಿ ಇಂತಹ ಸ್ಥಾನವನ್ನು ತಮಾಷೆಯಾಗಿ 'ಉದಾರಿ ಆಜೀವ ಸರ್ವಾಧಿಕಾರಿ' ಎಂದು ಕರೆಯುವುದುಂಟು. 2014ರ ಜನವರಿಯಲ್ಲಿ ಇಬ್ಬರೂ ಆ ಸ್ಥಾನದಿಂದ ಇಳಿದರು. ಆ ಬಳಿಕ ಆಡಳಿತದ ಹೊಣೆ 'ಕೋರ್' ತಂಡಕ್ಕೂ, ಆ ತಂಡದಿಂದ ಆಯ್ಕೆಯಾಗುವ ಐವರು ಸದಸ್ಯರ ತಾಂತ್ರಿಕ ಮಂಡಳಿಗೂ ಬಂತು.

ಕೋರ್ ತಂಡದ ಸದಸ್ಯರಿಗೆ ಮುಖ್ಯ ಕೋಡಿಗೆ ನೇರವಾಗಿ ಬದಲಾವಣೆ ಸೇರಿಸುವ ಅಧಿಕಾರವಿತ್ತು. ಕಾಲಕ್ರಮೇಣ ಈ ವ್ಯವಸ್ಥೆಯ ಕೊರತೆಗಳು ಕಾಣಿಸಿಕೊಂಡವು. ಹಳೆಯ ಸದಸ್ಯರಲ್ಲಿ ಅನೇಕರು ಸಕ್ರಿಯರಾಗಿರಲಿಲ್ಲ. ಹೊಸಬರ ಸೇರ್ಪಡೆ ವಿರಳವಾಗಿತ್ತು. ಕೋರ್ ಸದಸ್ಯತ್ವಕ್ಕೆ ಇದ್ದ ಗೌರವವೇ ಅದಕ್ಕೆ ತಾವು ಅರ್ಹರಲ್ಲ ಎಂಬ ಭಾವನೆಯನ್ನು ಅನೇಕ ಸಮರ್ಥರಲ್ಲಿ ಮೂಡಿಸುತ್ತಿತ್ತು. ವಾಸ್ತವವಾಗಿ ಹೆಚ್ಚಿನ ಬದಲಾವಣೆಗಳನ್ನು ಸೇರಿಸುತ್ತಿದ್ದವರು ವೇತನ ಪಡೆಯುವ ಒಬ್ಬಿಬ್ಬರು ಮಾತ್ರ.

2020ರಲ್ಲಿ ಕೋರ್ ತಂಡವನ್ನು ವಿಸರ್ಜಿಸಲಾಯಿತು. ಜಾಂಗೊದಲ್ಲಿ ದೊಡ್ಡ ಬದಲಾವಣೆಗಳನ್ನು ಸೂಚಿಸಲು ಬಳಸುವ 'ಡೆಪ್' ಎಂಬ ಪ್ರಸ್ತಾವನಾ ಪತ್ರಗಳಲ್ಲಿ 10ನೆಯದು ಇದಕ್ಕೆ ಆಧಾರವಾಯಿತು. ಅದರ ಪ್ರಕಾರ ಕೋಡ್ ಸೇರಿಸುವವರು ಮತ್ತು ಆವೃತ್ತಿಗಳನ್ನು ಬಿಡುಗಡೆ ಮಾಡುವವರು ಎಂಬ ಎರಡು ಸೀಮಿತ ಹೊಣೆಗಾರಿಕೆಗಳನ್ನು ರೂಪಿಸಲಾಯಿತು. ಇವು ಕಾರ್ಯನಿರ್ವಹಣೆಯ ಹೊಣೆಗಳೇ ಹೊರತು ಯೋಜನೆಯ ದಿಕ್ಕನ್ನು ತೀರ್ಮಾನಿಸುವ ಪದವಿಗಳಲ್ಲ. ತಾಂತ್ರಿಕ ಮಂಡಳಿಯನ್ನು ಚುನಾಯಿಸುವ ಹಕ್ಕು ಕೋರ್ ತಂಡದಿಂದ ಪ್ರತಿಷ್ಠಾನದ ವೈಯಕ್ತಿಕ ಸದಸ್ಯರೂ ಸೇರಿದ ವಿಶಾಲ ಮತದಾರ ವರ್ಗಕ್ಕೆ ಹೋಯಿತು. ಕೋಡ್ ಬರೆಯದೆ ಬೇರೆ ರೀತಿಯಲ್ಲಿ ಸೇವೆ ಸಲ್ಲಿಸಿದವರೂ ಪ್ರತಿಷ್ಠಾನದ ಸದಸ್ಯರಾಗಬಹುದು. ತಾಂತ್ರಿಕ ಮಂಡಳಿಗೆ ಮುಂದೆ 'ಸ್ಟೀರಿಂಗ್ ಕೌನ್ಸಿಲ್' ಎಂಬ ಹೆಸರು ಬಂದಿತು.

ವೇತನ ಮತ್ತು ಸ್ವಯಂಸೇವೆ

ಹೊಸ ಸೌಲಭ್ಯವನ್ನು ಬರೆಯಲು ಉತ್ಸಾಹಿಗಳು ಸಿಗುತ್ತಾರೆ. ಪ್ರತಿದಿನ ಬರುವ ಟಿಕೆಟ್‌ಗಳನ್ನು ಓದಿ ವಿಂಗಡಿಸುವ, ಪ್ಯಾಚ್‌ಗಳನ್ನು ಸಾಲು ಸಾಲಾಗಿ ಪರಿಶೀಲಿಸುವ ಕೆಲಸಕ್ಕೆ ಜನ ಸಿಗುವುದು ಕಷ್ಟ. ಬಿಡುವಿನ ವೇಳೆಯಲ್ಲಿ ದುಡಿಯುವವರು ಈ ಕೆಲಸದಿಂದ ಬೇಗನೆ ದಣಿಯುತ್ತಾರೆ. ಸ್ವಯಂಸೇವಕರು ಬರೆದ ಪ್ಯಾಚ್‌ಗಳು ವಿಮರ್ಶೆಯಾಗದೆ ಉಳಿದರೆ ಅವರ ಉತ್ಸಾಹವೂ ಕುಗ್ಗುತ್ತದೆ.

ಇದಕ್ಕೆ ಪರಿಹಾರವಾಗಿ ಪ್ರತಿಷ್ಠಾನವು 2014ರಲ್ಲಿ 'ಜಾಂಗೊ ಫೆಲೋ' ಕಾರ್ಯಕ್ರಮವನ್ನು ಆರಂಭಿಸಿತು. ಟಿಮ್ ಗ್ರಹಾಂ ಮೊದಲ ಫೆಲೋ ಆದರು. ದೇಣಿಗೆಯ ಹಣದಿಂದ ಫೆಲೋಗಳಿಗೆ ವೇತನ ನೀಡಲಾಗುತ್ತದೆ. ಟಿಕೆಟ್‌ಗಳ ವಿಂಗಡಣೆ, ಪ್ಯಾಚ್‌ಗಳ ವಿಮರ್ಶೆ, ಭದ್ರತಾ ದೋಷಗಳ ನಿವಾರಣೆ ಮತ್ತು ಬಿಡುಗಡೆಯ ಸಿದ್ಧತೆ ಅವರ ಮುಖ್ಯ ಕರ್ತವ್ಯಗಳು. ಹೊಸ ಸೌಲಭ್ಯಗಳ ರಚನೆ ಬಹುಮಟ್ಟಿಗೆ ಸಮುದಾಯದ ಕೈಯಲ್ಲೇ ಉಳಿದಿದೆ. ಸುಮಾರು ಎಂಟು ತಿಂಗಳಿಗೊಂದರಂತೆ ಹೊಸ ಆವೃತ್ತಿ ನಿಗದಿತ ಸಮಯಕ್ಕೆ ಹೊರಬರಲು ಈ ಏರ್ಪಾಡು ಮುಖ್ಯ ಕಾರಣವಾಗಿದೆ.

ಹೊಸಬರಿಗೆ ಸ್ವಾಗತ

2013ರಲ್ಲಿ ಯೋಜನೆಯು ನೀತಿ ಸಂಹಿತೆಯೊಂದನ್ನು ಅಂಗೀಕರಿಸಿತು. ಸಭ್ಯವಾದ ನಡೆ, ಭಿನ್ನಾಭಿಪ್ರಾಯವನ್ನು ಅರ್ಥಮಾಡಿಕೊಳ್ಳುವ ಪ್ರಯತ್ನ, ನಿಂದನೆ ಮತ್ತು ಕಿರುಕುಳಕ್ಕೆ ನಿಷೇಧ ಇವು ಅದರ ಸಾರ. 2014ರಲ್ಲಿ ಡೇಟಾಬೇಸ್ ಪ್ರತಿಗಳ ಸಂಬಂಧವನ್ನು ವಿವರಿಸಲು ಕೈಪಿಡಿಯಲ್ಲಿ ಬಳಸುತ್ತಿದ್ದ 'ಯಜಮಾನ-ಗುಲಾಮ' ಎಂಬರ್ಥದ ಇಂಗ್ಲಿಷ್ ಪದಗಳನ್ನು ಕೈಬಿಡಲಾಯಿತು. ಈ ಬದಲಾವಣೆ ಆಗ ಸಾಕಷ್ಟು ವಾದವಿವಾದಕ್ಕೆ ಕಾರಣವಾಯಿತು.

2014ರಲ್ಲಿ ಬರ್ಲಿನ್‌ನ ಯೂರೋಪೈಥಾನ್ ಸಮ್ಮೇಳನದ ಸಂದರ್ಭದಲ್ಲಿ ಓಲಾ ಸಿಟಾರ್ಸ್ಕಾ ಮತ್ತು ಓಲಾ ಸೆಂಡೆಕ್ಕಾ 'ಜಾಂಗೊ ಗರ್ಲ್ಸ್' ಎಂಬ ಕಾರ್ಯಾಗಾರವನ್ನು ಆರಂಭಿಸಿದರು. ಪ್ರೋಗ್ರಾಮಿಂಗ್ ಅನುಭವವೇ ಇಲ್ಲದ ಮಹಿಳೆಯರು ತರಬೇತುದಾರರ ನೆರವಿನಿಂದ ತಮ್ಮದೇ ಬ್ಲಾಗ್ ನಿರ್ಮಿಸುವುದು ಇದರ ಕ್ರಮ. ಅದರ ಪಠ್ಯವು ಉಚಿತವಾಗಿ ಲಭ್ಯವಿರುವುದರಿಂದ ಇದೇ ಮಾದರಿಯ ಕಾರ್ಯಾಗಾರಗಳು ಅನೇಕ ದೇಶಗಳಲ್ಲಿ ಸ್ಥಳೀಯ ಸ್ವಯಂಸೇವಕರಿಂದ ನಡೆದಿವೆ.

ಅನುವಾದ ಮತ್ತು ಕನ್ನಡ

ಜಾಂಗೊದ ನಿರ್ವಹಣಾ ಪುಟಗಳು ಮತ್ತು ದೋಷ ಸಂದೇಶಗಳು ಹತ್ತಾರು ಭಾಷೆಗಳಲ್ಲಿ ದೊರೆಯುತ್ತವೆ. ಕನ್ನಡವೂ ಅವುಗಳಲ್ಲಿ ಒಂದು. ಪ್ರತಿ ಭಾಷೆಗೂ ಸ್ವಯಂಸೇವಕರ ತಂಡವಿದ್ದು, 'ಟ್ರಾನ್ಸಿಫೆಕ್ಸ್' ಎಂಬ ತಾಣದ ಮೂಲಕ ಅನುವಾದ ನಡೆಯುತ್ತದೆ. ಅನುವಾದವಾಗದೆ ಉಳಿದ ಸಂದೇಶಗಳು ಇಂಗ್ಲಿಷ್‌ನಲ್ಲಿಯೇ ಕಾಣಿಸುತ್ತವೆ. ಪ್ರತಿ ಆವೃತ್ತಿಯಲ್ಲೂ ಹೊಸ ಸಂದೇಶಗಳು ಸೇರುವುದರಿಂದ ಈ ಕೆಲಸ ಒಮ್ಮೆ ಮಾಡಿ ಮುಗಿಸುವಂಥದ್ದಲ್ಲ.

ಕನ್ನಡ ಅನುವಾದಕರು ಭಾಷೆಯ ರಚನೆಗೆ ಸಂಬಂಧಿಸಿದ ತೊಡಕೊಂದನ್ನು ಎದುರಿಸಬೇಕಾಗುತ್ತದೆ. ಇಂತಹ ಸಂದೇಶಗಳಲ್ಲಿ ವಸ್ತುವಿನ ಹೆಸರು ಬರುವ ಜಾಗವನ್ನು ಖಾಲಿ ಬಿಟ್ಟಿರುತ್ತಾರೆ. ತಂತ್ರಾಂಶವು ಆಮೇಲೆ ಅದನ್ನು ತುಂಬುತ್ತದೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯವು ಪದಕ್ಕೆ ಅಂಟಿಕೊಳ್ಳುತ್ತದೆ ಮತ್ತು ಪದದ ಕೊನೆಯ ಸ್ವರಕ್ಕೆ ತಕ್ಕಂತೆ ಬದಲಾಗುತ್ತದೆ. 'ಪುಸ್ತಕ' ಎಂಬುದು 'ಪುಸ್ತಕವನ್ನು' ಎಂದಾದರೆ 'ಪಟ್ಟಿ' ಎಂಬುದು 'ಪಟ್ಟಿಯನ್ನು' ಎಂದಾಗುತ್ತದೆ. ಯಾವ ಪದ ಬರಲಿದೆ ಎಂಬುದು ಅನುವಾದಕರಿಗೆ ಮೊದಲೇ ತಿಳಿದಿರುವುದಿಲ್ಲ. ಆದ್ದರಿಂದ ಪ್ರತ್ಯಯದ ಅಗತ್ಯವೇ ಬೀಳದಂತೆ ವಾಕ್ಯವನ್ನು ಹೊಸದಾಗಿ ಕಟ್ಟಬೇಕಾಗುತ್ತದೆ. ಇದಕ್ಕೆ ಪ್ರೋಗ್ರಾಮಿಂಗ್‌ಗಿಂತ ಕನ್ನಡ ವ್ಯಾಕರಣದ ಅರಿವು ಹೆಚ್ಚು ಮುಖ್ಯ.

ಎರಡು ಉದಾಹರಣೆಗಳು

ಡೇಟಾಬೇಸ್‌ನ ರಚನೆ ಬದಲಾದಾಗ ಅದರಲ್ಲಿರುವ ಮಾಹಿತಿಯನ್ನು ಕಳೆದುಕೊಳ್ಳದೆ ಹೊಸ ರಚನೆಗೆ ಒಗ್ಗಿಸುವ ಸೌಲಭ್ಯ ಮೊದಲಿಗೆ ಜಾಂಗೊದಲ್ಲಿ ಇರಲಿಲ್ಲ. ಆಂಡ್ರ್ಯೂ ಗಾಡ್ವಿನ್ 'ಸೌತ್' ಎಂಬ ಪ್ರತ್ಯೇಕ ತಂತ್ರಾಂಶದ ಮೂಲಕ ಆ ಕೊರತೆಯನ್ನು ತುಂಬಿದರು. ಅದು ವ್ಯಾಪಕವಾಗಿ ಬಳಕೆಗೆ ಬಂದ ಮೇಲೆ, 2013ರಲ್ಲಿ ಕಿಕ್‌ಸ್ಟಾರ್ಟರ್ ತಾಣದಲ್ಲಿ ಬಳಕೆದಾರರಿಂದ ಹಣ ಸಂಗ್ರಹಿಸಿ ಈ ಸೌಲಭ್ಯವನ್ನು ಜಾಂಗೊದ ಒಳಗೇ ರೂಪಿಸುವ ಕೆಲಸ ಕೈಗೊಂಡರು. ಕೋರಿದ್ದಕ್ಕಿಂತ ಹಲವು ಪಟ್ಟು ಹೆಚ್ಚು ಹಣ ಒದಗಿತು. 2014ರ ಸೆಪ್ಟೆಂಬರ್‌ನಲ್ಲಿ ಬಂದ 1.7 ಆವೃತ್ತಿಯಲ್ಲಿ ಈ ಸೌಲಭ್ಯ ಸೇರಿತು.

ಎರಡನೆಯದು 373ನೆಯ ಟಿಕೆಟ್. ಡೇಟಾಬೇಸ್ ಕೋಷ್ಟಕವೊಂದರ ಮುಖ್ಯ ಕೀಲಿಯಾಗಿ ಒಂದಕ್ಕಿಂತ ಹೆಚ್ಚು ಕಾಲಂಗಳನ್ನು ಬಳಸಲು ಅವಕಾಶ ಬೇಕೆಂದು ಕೋರಿದ ಈ ಟಿಕೆಟ್ ದಾಖಲಾದದ್ದು 2005ರಲ್ಲಿ. ಪ್ರತಿ ಸಾಲಿಗೂ ಒಂದೇ ಕಾಲಂನ ಕೀಲಿ ಇರುತ್ತದೆ ಎಂಬ ಎಣಿಕೆ ತಂತ್ರಾಂಶದ ಅನೇಕ ಭಾಗಗಳಲ್ಲಿ ಬೇರೂರಿದ್ದುದರಿಂದ ಇದು ಸುಲಭದ ಕೆಲಸವಾಗಿರಲಿಲ್ಲ. ಬೇರೆ ಬೇರೆ ಕಾಲದಲ್ಲಿ ಹಲವರು ಪ್ರಯತ್ನಿಸಿದರು. ಕೊನೆಗೆ 2025ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ 5.2 ಆವೃತ್ತಿಯಲ್ಲಿ ಇದು ಈಡೇರಿತು. ಹಿಂದಿನ ಚರ್ಚೆಗಳೂ ಅಪೂರ್ಣ ಪ್ರಯತ್ನಗಳೂ ಸಾರ್ವಜನಿಕ ದಾಖಲೆಯಲ್ಲಿ ಉಳಿದಿದ್ದರಿಂದ, ಕೆಲಸವನ್ನು ಕೈಗೆತ್ತಿಕೊಂಡವರಿಗೆ ಎಲ್ಲಿ ಯಾವ ತೊಡಕಿದೆ ಎಂಬುದು ಮೊದಲೇ ತಿಳಿಯುವಂತಿತ್ತು.

ಸವಾಲುಗಳು

ಬಳಕೆದಾರರಿಗೆ ಹೋಲಿಸಿದರೆ ಕೊಡುಗೆ ನೀಡುವವರ ಸಂಖ್ಯೆ ಎಲ್ಲ ಮುಕ್ತ ತಂತ್ರಾಂಶ ಯೋಜನೆಗಳಲ್ಲಿಯೂ ಅಲ್ಪವೇ. ಜಾಂಗೊ ಹಳೆಯದಾದಂತೆ ಸುಲಭವಾಗಿ ಬಿಡಿಸಬಹುದಾದ ಟಿಕೆಟ್‌ಗಳು ಕಡಿಮೆಯಾಗಿವೆ. ಉಳಿದವಕ್ಕೆ ಆಳವಾದ ತಿಳಿವಳಿಕೆ ಬೇಕು. ಹೊಸಬರನ್ನು ಅನುಭವಿಗಳ ಮಾರ್ಗದರ್ಶನದಲ್ಲಿ ಪಳಗಿಸುವ 'ಜಾಂಗೊನಾಟ್ ಸ್ಪೇಸ್' ಎಂಬ ಸ್ವಯಂಸೇವಕರ ಕಾರ್ಯಕ್ರಮ ಈ ಅಂತರವನ್ನು ತಗ್ಗಿಸಲು ಯತ್ನಿಸುತ್ತಿದೆ. ಫೆಲೋಗಳ ವೇತನ ದೇಣಿಗೆಯನ್ನು ಅವಲಂಬಿಸಿರುವುದು ಇನ್ನೊಂದು ಚಿಂತೆ. ಪರವಾನಗಿಯು ಬಳಕೆದಾರ ಕಂಪನಿಗಳಿಂದ ಏನನ್ನೂ ಕೇಳದಿರುವುದರಿಂದ, ದಿನನಿತ್ಯದ ನಿರ್ವಹಣೆ ಮುಂದುವರಿಯುವುದು ಅವು ಸ್ವಇಚ್ಛೆಯಿಂದ ಕೊಡುವ ಹಣವನ್ನೂ ಅವುಗಳ ನೌಕರರು ಕೊಡುವ ಸಮಯವನ್ನೂ ಅವಲಂಬಿಸಿದೆ.