ಹಿಮ್ಮಡಿ ಕೂರುವ ಜಾಗ

ಮಿನೆಸೋಟದ ಜನವರಿ, ಬೆಳಗಿನ ಆರು ಗಂಟೆ. ಕಾರಿನ ಗಾಜಿಗೆ ಅಂಟಿದ ಮಂಜು ಕೆರೆದು ಕೆರೆದು ಬೆರಳು ಮರಗಟ್ಟಿವೆ. ಸ್ಕೇಟಿಂಗ್ ರಿಂಕಿನ ಒಳಗೂ ಚಳಿಯೇ, ಗಾಳಿ ಇಲ್ಲ ಅನ್ನುವುದಷ್ಟೇ ಸಮಾಧಾನ. ಐಸ್ ಸಮ ಮಾಡುವ ದೊಡ್ಡ ಗಾಡಿ ಕೊನೆಯ ಸುತ್ತು ಮುಗಿಸಿ ಹೋಗಿದೆ. ಅದು ಬಿಟ್ಟುಹೋದ ತೆಳ್ಳನೆಯ ನೀರು ದೀಪದ ಕೆಳಗೆ ಹೊಳೆಯುತ್ತ ಹೊಳೆಯುತ್ತಲೇ ಹೆಪ್ಪುಗಟ್ಟುತ್ತಿದೆ. ಬೆಂಚಿನ ಸುತ್ತ ಒದ್ದೆ ಚರ್ಮದ, ಉಣ್ಣೆಯ, ರಬ್ಬರಿನ ವಾಸನೆ.

ಮಗಳು ಬೆಂಚಿಗೆ ವಾಪಸು ಬಂದಿದ್ದಾಳೆ. ಐಸಿಗಿಳಿದು ಹತ್ತು ನಿಮಿಷವೂ ಆಗಿಲ್ಲ.

'ಅಮ್ಮ, ಇನ್ನೂ ಟೈಟಾಗಿ ಕಟ್ಟು.'

ಮಂಡಿಯೂರಿ ಕೂತು ಲೇಸು ಎಳೆಯುತ್ತೇನೆ. ಎಷ್ಟು ಎಳೆದರೂ ಬೂಟಿನ ಎರಡು ಅಂಚುಗಳು ಮುಂದೆ ಬಂದು ಒಂದನ್ನೊಂದು ಮುಟ್ಟುತ್ತವೆ, ಎಳೆಯಲು ಜಾಗವೇ ಉಳಿದಿಲ್ಲ. ಹರಡಿನ ಹತ್ತಿರ ಚರ್ಮ ಆಳವಾಗಿ ಮಡಿಕೆ ಬಿದ್ದಿದೆ. ಬಿಳಿ ಪಾಲಿಶ್ ಆ ಮಡಿಕೆಯ ಗೆರೆಯಲ್ಲಿ ಬಿರುಕು ಬಿಟ್ಟು ಒಳಗಿನ ಕಂದು ಕಾಣುತ್ತದೆ. ಬೂಟಿನ ಕುತ್ತಿಗೆ ಹಿಡಿದು ಅಲ್ಲಾಡಿಸಿದರೆ ನೆನೆದ ರಟ್ಟಿನ ಹಾಗೆ ಬಾಗುತ್ತದೆ. ಅವಳು ನಿಂತಾಗ ಎಡಗಾಲು ಒಳಕ್ಕೆ ವಾಲುವುದನ್ನು ವಾರಗಟ್ಟಲೆ ನೋಡಿದ್ದೆ. ಅವಳ ನಿಲುವೇ ಹಾಗೆ ಅಂದುಕೊಂಡಿದ್ದೆ.

ಈ ಬೂಟುಗಳನ್ನು ಕೊಂಡವಳು ನಾನೇ. ಯಾರೋ ಹಾಕಿ ಬಿಟ್ಟದ್ದು, ಅದೂ ಒಂದು ಸೈಜು ದೊಡ್ಡದು. ಶಿವಮೊಗ್ಗದಿಂದ ಅಪ್ಪ ಫೋನಿನಲ್ಲಿ ಹೇಳಿದ್ದರು, 'ಬೆಳೆಯೋ ಹುಡುಗಿ, ದೊಡ್ಡದೇ ತಗೊಳಮ್ಮ.' ನನಗೂ ಸರಿ ಅನ್ನಿಸಿತ್ತು. ಜೂನಿನಲ್ಲಿ ಶಾಲೆ ಶುರುವಾಗುವ ಮುಂಚೆ ನಮಗೆಲ್ಲ ಶೂ ಕೊಡಿಸುತ್ತಿದ್ದದ್ದು ಹಾಗೆಯೇ. ತುದಿಗೆ ಹತ್ತಿ ತುರುಕಿದರೆ ಎರಡು ವರ್ಷಕ್ಕೆ ಚಿಂತೆಯಿಲ್ಲ. ಆ ಲೆಕ್ಕಾಚಾರದಲ್ಲಿ ಪ್ರೀತಿಯೂ ಇತ್ತು, ಕೈ ಬಿಗಿಯೂ ಇತ್ತು. ಆದರೆ ಅದು ನೆಲದ ಮೇಲಿನ ಲೆಕ್ಕ. ಇಲ್ಲಿ ಕಾಲಿನ ಕೆಳಗಿರುವುದು ಸುಮಾರು ನಾಲ್ಕು ಮಿಲಿಮೀಟರ್ ದಪ್ಪದ ಬ್ಲೇಡು, ಅದರ ನಡುವೆ ಕೊರೆದ ಸಣ್ಣ ಕಾಲುವೆ, ಕಾಲುವೆಯ ಎರಡೂ ದಡಕ್ಕೆ ಒಂದೊಂದು ಅಂಚು. ಸ್ಕೇಟಿಂಗ್ ಅಂದರೆ ಯಾವ ಅಂಚಿನ ಮೇಲೆ ನಿಂತಿದ್ದೇವೆ ಅನ್ನುವುದು. ಬೂಟಿನೊಳಗೆ ಹಿಮ್ಮಡಿ ಒಂದು ಕೂದಲೆಳೆ ಮೇಲೆದ್ದರೂ ಆ ಅಂಚಿನ ಸುದ್ದಿ ಪಾದಕ್ಕೆ ಮುಟ್ಟುವುದಿಲ್ಲ.

ರಿಂಕಿನ ಹಿಂಭಾಗದಲ್ಲಿ ಒಂದು ಪುಟ್ಟ ಅಂಗಡಿ. ಗೋಡೆ ತುಂಬ ಲೇಸು, ಮೂಲೆಯಲ್ಲಿ ಸಾಣೆ ಯಂತ್ರ, ಅದರ ಕೆಳಗೆ ಕಬ್ಬಿಣದ ಪುಡಿ. ಅಂಗಡಿಯ ಮುದುಕರು ಮಗಳ ಬೂಟನ್ನು ತಿರುಗಿಸಿ ಮೊದಲು ಅಟ್ಟೆ ನೋಡಿದರು. ಬ್ಲೇಡಿನ ಒಂದು ಸ್ಕ್ರೂವಿಗೆ ತಿರುಪುಳಿ ಕೊಟ್ಟರು. ಅದು ಎಲ್ಲೂ ಹಿಡಿಯದೆ ಸುಮ್ಮನೆ ಸುತ್ತಿತು. ಪ್ರತಿ ಸಲ ಒರೆಸದೆ ಚೀಲಕ್ಕೆ ತುರುಕಿದ್ದರ ಫಲ, ನೀರು ಕುಡಿದು ಕುಡಿದು ಅಟ್ಟೆ ಮೆತ್ತಗಾಗಿತ್ತು. ಆಮೇಲೆ ಒಳಗಿನ ಹಾಸನ್ನು ಎಳೆದು ತೆಗೆದು ಕೌಂಟರಿನ ಮೇಲಿಟ್ಟರು. ಅದರ ಮೇಲೆ ಐದು ಬೆರಳುಗಳ ಕಪ್ಪು ಅಚ್ಚು. ಅಚ್ಚಿನಿಂದ ತುದಿಯವರೆಗೆ ಒಂದು ಹೆಬ್ಬೆರಳಿನ ಅಗಲದಷ್ಟು ಜಾಗ ಒಂದು ಕಲೆಯೂ ಇಲ್ಲದೆ ಹಾಗೇ ಉಳಿದಿತ್ತು.

ಅವರೇನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಮಗಳ ಕಾಲುಚೀಲ ತೆಗೆಸಿದರು. ಹಿಮ್ಮಡಿಯ ಹಿಂದೆ ಕೆಂಪಗೆ ಊದಿದ ಗುಬುಟು, ಚಿಕ್ಕ ಬೆರಳಿನ ಪಕ್ಕ ಆಣಿ. ಪಾದದ ಮೇಲ್ಭಾಗದಲ್ಲಿ ಲೇಸು ಒತ್ತಿದ ಅಡ್ಡಗೆರೆಗಳು. ಇದಕ್ಕೆ ಇಲ್ಲಿಯವರು 'ಲೇಸ್ ಬೈಟ್' ಅನ್ನುತ್ತಾರೆ. ನಮ್ಮಲ್ಲಿ ಚಪ್ಪಲಿ ಕಚ್ಚಿದ ಹಾಗೆ ಇಲ್ಲಿ ಲೇಸು ಕಚ್ಚುತ್ತದೆ. ಊರಲ್ಲಾದರೆ ಕೊಬ್ಬರಿ ಎಣ್ಣೆ ಸವರಿ ನಾಲ್ಕು ದಿನ ತಡೆದುಕೊಂಡರೆ ಚಪ್ಪಲಿಯೇ ಪಳಗುತ್ತಿತ್ತು. ಇಲ್ಲಿ ಅಷ್ಟಕ್ಕೇ ಮುಗಿಯುವುದಿಲ್ಲ. ಸಡಿಲ ಬೂಟನ್ನು ಹಿಡಿದಿಡಲು ಬೆರಳುಗಳು ಕೊಕ್ಕೆಯ ಹಾಗೆ ಮಡಚಿಕೊಳ್ಳುತ್ತವೆ. ಲೇಸು ಬಿಗಿಯುತ್ತೇವೆ. ಬಿಗಿದರೆ ಮೇಲಿನ ನರ ನೋಯುತ್ತದೆ, ಸಡಿಲಿಸಿದರೆ ಹಿಮ್ಮಡಿ ಏಳುತ್ತದೆ. ಒಂದು ಸಣ್ಣ ಜಿಗಿತದಿಂದ ಇಳಿದಾಗಲೂ ದೇಹದ ತೂಕದ ಎಷ್ಟೋ ಪಟ್ಟು ಆ ಒಂದೇ ಕಾಲಿಗೆ ಬೀಳುತ್ತದೆ. ಹತ್ತು ವರ್ಷದ ಕಾಲು ಅದು.

ಪಕ್ಕದ ಹುಡುಗನೊಬ್ಬನ ಬೂಟು ಹರಡಿನ ಮೂಳೆಯ ಹತ್ತಿರ ಮಾತ್ರ ಒತ್ತುತ್ತಿತ್ತು. ಮುದುಕರು ಆ ಜಾಗಕ್ಕೆ ಬಿಸಿಗಾಳಿ ಹಿಡಿದು, ಒಂದು ಕಡೆ ಗುಂಡು, ಇನ್ನೊಂದು ಕಡೆ ಬಳೆ ಇರುವ ಇಕ್ಕಳದಲ್ಲಿ ಒತ್ತಿಟ್ಟರು. ಚರ್ಮ ಅಷ್ಟೇ ಜಾಗದಲ್ಲಿ ಹೊರಕ್ಕೆ ಉಬ್ಬಿತು. 'ಇದನ್ನೂ ಹೀಗೆ ಸರಿಮಾಡಲಾಗುತ್ತದಾ?' ಎಂದು ನಮ್ಮ ಬೂಟು ತೋರಿಸಿದೆ. 'ಚರ್ಮವನ್ನು ಹಿಗ್ಗಿಸಬಲ್ಲೆ,' ಅಂದರು, 'ಕುಗ್ಗಿಸಲಾರೆ.'

ದೊಡ್ಡವರೂ ಈ ಕಷ್ಟದಿಂದ ಹೊರತಲ್ಲ. 2010ರ ವ್ಯಾಂಕೂವರ್ ಒಲಿಂಪಿಕ್ಸಿನಲ್ಲಿ ಜಪಾನಿನ ನೊಬುನಾರಿ ಓಡಾ ನಡು ಪ್ರದರ್ಶನದಲ್ಲಿ ನಿಲ್ಲಬೇಕಾಯಿತು, ಬೂಟಿನ ಲೇಸು ಹರಿದಿತ್ತು. ತೀರ್ಪುಗಾರರ ಎದುರು ಹೋಗಿ ಸಮಯ ಕೇಳಿ, ಮತ್ತೆ ಕಟ್ಟಿಕೊಂಡು ಬಂದು ಮುಗಿಸಿದರು. ಸಿಕ್ಕದ್ದು ಏಳನೆಯ ಸ್ಥಾನ. ವರ್ಷಗಟ್ಟಲೆಯ ತಾಲೀಮು ಒಂದು ದಾರದ ಮೇಲೆ ನಿಂತಿರುತ್ತದೆ ಅನ್ನುವುದನ್ನು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮುದುಕರು ನೆಲಕ್ಕೆ ಕಾಗದ ಹಾಸಿ ಮಗಳನ್ನು ಬರಿಗಾಲಲ್ಲಿ ನಿಲ್ಲಿಸಿದರು. ಕೂತು ಅಳೆದರೆ ಸಾಲದಂತೆ, ಮೈಭಾರ ಬಿದ್ದಾಗಲೇ ಪಾದ ತನ್ನ ನಿಜವಾದ ಅಗಲ ತೋರಿಸುವುದು. ಪೆನ್ಸಿಲ್ ಎರಡೂ ಪಾದದ ಸುತ್ತ ಹರಿಯಿತು. ಎಡಪಾದ ಬಲಕ್ಕಿಂತ ಕೊಂಚ ಉದ್ದ. ಹತ್ತು ವರ್ಷ ಸಾಕಿದ ಮಗಳ ಬಗ್ಗೆ ನನಗದು ಗೊತ್ತಿರಲಿಲ್ಲ.

ಕಪಾಟಿನ ಮೇಲೆ ಇನ್ನೂ ದುಬಾರಿಯ, ಕಲ್ಲಿನಂಥ ಬೂಟುಗಳಿದ್ದವು. ತಪ್ಪಿನ ಭಾರದಲ್ಲಿ ಅದಕ್ಕೇ ಕೈ ಹಾಕಿದೆ. ಅವರು ತಡೆದರು. ಅವು ಮೂರು ಸುತ್ತಿನ ಜಿಗಿತ ಮಾಡುವವರಿಗೆ, ಇವಳ ತೂಕಕ್ಕೆ ಬಾಗುವುದೇ ಇಲ್ಲ, ಮಂಡಿ ಬಗ್ಗದಿದ್ದರೆ ಬೆನ್ನಿಗೆ ಪೆಟ್ಟು ಎಂದರು. ಕೊನೆಗೆ ಆರಿಸಿದ್ದು ಇದೇ ರಾಜ್ಯದ ರೆಡ್ ವಿಂಗ್ ಊರಿನಲ್ಲಿ 1945ರಿಂದ ನಡೆದುಬಂದಿರುವ ರೀಡೆಲ್ ಕಂಪನಿಯದ್ದು, ನಡು ಗಡಸಿನದು. ಒಲೆಯಲ್ಲಿ ಬೆಚ್ಚಗಾಗಿ ಬಂದ ಬೂಟಿನೊಳಗೆ ಕಾಲಿಟ್ಟು, ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿಸಿ ಹಿಂದಕ್ಕೆ ಕೂರಿಸಿದರು. ಬೆರಳಿನ ಹತ್ತಿರ ಲೇಸು ಸಡಿಲ, ಹರಡಿನ ಬಾಗಿನಲ್ಲಿ ಬಿಗಿ, ಮೇಲಿನ ಕೊಕ್ಕೆಗಳಲ್ಲಿ ಮತ್ತೆ ಕೊಂಚ ಸಡಿಲ.

ಮೊದಲ ವಾರ ಮಗಳು ಮರಗಾಲು ಕಟ್ಟಿಕೊಂಡವಳಂತೆ ನಡೆದಳು. ಬ್ಲೇಡಿಗೆ ಕವಚ ಹಾಕಿ ಮನೆಯ ಕಾರ್ಪೆಟ್ ಮೇಲೆ ಓಡಾಡಿದಳು, ಹಾಗೆಯೇ ಕೂತು ಚಿತ್ರಾನ್ನ ತಿಂದಳು. ನಾನು ಪ್ರತಿ ಸಂಜೆ ಬ್ಲೇಡು, ಅಟ್ಟೆ ಒರೆಸಿ, ಬೂಟಿನ ನಾಲಗೆ ಹೊರಕ್ಕೆಳೆದು ಒಣಗಲಿಟ್ಟೆ.

ಮೂರನೆಯ ಶನಿವಾರ, ಅದೇ ಬೆಂಚು. ಮಂಡಿಯೂರಲು ಸಿದ್ಧಳಾಗಿ ಕೂತಿದ್ದೆ. ಹತ್ತು ನಿಮಿಷ ಆಯಿತು, ಇಪ್ಪತ್ತಾಯಿತು. ಫ್ಲಾಸ್ಕಿನ ಕಾಫಿ ಮುಗಿಯಿತು. ಅವಳು ಬೆಂಚಿಗೆ ಬಂದದ್ದು ಒಂದೇ ಸಲ, ನೀರು ಕುಡಿಯಲು.