ಮನೆ ನಮ್ಮದು, ಮೆಟ್ಟಿಲು ಎಲ್ಲರದ್ದು

ತಿಪಟೂರಿನಲ್ಲಿ ಸೈಟ್ ತಗೊಂಡು ಮನೆ ಕಟ್ಟೋದಾ, ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳೋದಾ? ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದ ಬಂದು ಇಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿರುವ ನನ್ನಂಥವರ ಮನೆಗಳಲ್ಲಿ ಪ್ರತಿ ಹಬ್ಬಕ್ಕೂ ಎದ್ದೇಳುವ ಪ್ರಶ್ನೆ ಇದು. ಇಎಂಐ ಎಷ್ಟು, ಚದರಡಿಗೆ ಎಷ್ಟು, ಮೆಟ್ರೊ ಎಷ್ಟು ದೂರ ಅಂತೆಲ್ಲ ಲೆಕ್ಕ ಹಾಕುತ್ತೇವೆ. ಫ್ಲ್ಯಾಟಿನ ಜೊತೆಗೇ ಬರುವ ಇನ್ನೊಂದರ ಬಗ್ಗೆ ಮಾತ್ರ ಯಾರೂ ಕೇಳಲ್ಲ. ಅದು ಅಸೋಸಿಯೇಷನ್, ಅಂದರೆ ಮಾಲೀಕರ ಸಂಘ.

ನಮ್ಮ ಮನೆಯಲ್ಲಿ ಎರಡೂ ನಡೆದಿವೆ. ತಮ್ಮ ತಿಪಟೂರಿನ ಒಂದು ಬಡಾವಣೆಯಲ್ಲಿ ಮನೆ ಕಟ್ಟಿದ. ನಾನು ಬೆಂಗಳೂರಿನಲ್ಲಿ ಬಾಡಿಗೆಗಿದ್ದು, ಆಮೇಲೆ ಫ್ಲ್ಯಾಟ್ ಕೊಂಡೆ. ತುರುವೇಕೆರೆ ತಾಲ್ಲೂಕಿನ ಹಳ್ಳಿಯಲ್ಲಿ ತೆಂಗಿನ ತೋಟ ನೋಡಿಕೊಂಡಿರುವ ಅಪ್ಪ-ಅಮ್ಮ ಕೈಲಾಗದ ಕಾಲಕ್ಕೆ ಎಲ್ಲಿರಬೇಕು ಅನ್ನೋದು ಈಗ ನಮ್ಮಿಬ್ಬರ ಮುಂದಿರುವ ಪ್ರಶ್ನೆ. ಹಾಗಾಗಿ ಸಂಘದ ಒಳಿತು ಕೆಡುಕು ನನಗೆ ಬರೀ ಚರ್ಚೆಯ ವಿಷಯ ಅಲ್ಲ.

ನಮ್ಮ ಮನೆಗೆ ನಾವೇ ಬಾಡಿಗೆನಾ?

ಮೇಂಟೆನೆನ್ಸ್ ವಿಷಯ ಹೇಳಿದಾಗ ಅಪ್ಪ ಕೇಳಿದ್ದು ಇದನ್ನೇ. ಚದರಡಿಗೆ ಮೂರು ರೂಪಾಯಿ ಅಂತಿಟ್ಟುಕೊಳ್ಳಿ, 1,200 ಚದರಡಿ ಫ್ಲ್ಯಾಟಿಗೆ ತಿಂಗಳಿಗೆ 3,600 ರೂಪಾಯಿ ಆಯ್ತು. ವರ್ಷಕ್ಕೆ 43,200. ಸಾಲ ತೀರಿದ ಮೇಲೂ ಇದು ತೀರಲ್ಲ. ಒಬ್ಬರ ಮೇಂಟೆನೆನ್ಸ್ ತಿಂಗಳಿಗೆ 7,500 ದಾಟಿ, ಸಂಘದ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ಶೇ 18 ಜಿಎಸ್‌ಟಿ ಬೇರೆ.

ಅಪ್ಪನಿಗೆ ನಾನು ಉತ್ತರ ಹೇಳಿದ್ದು ಜಾತ್ರೆ ವಂತಿಗೆ ನೆನಪಿಸಿ. ಊರ ತೇರಿಗೆ ಹೊಸ ಅಚ್ಚು ಹಾಕಿಸಬೇಕಾದರೆ ಮನೆಗಿಷ್ಟು ಅಂತ ಎತ್ತುತ್ತಾರೆ. ನಾನು ತೇರು ಎಳೆಯಲ್ಲ, ವಂತಿಗೆ ಕೊಡಲ್ಲ ಅಂದರೆ ಊರಲ್ಲಿ ನಡೆಯುತ್ತಾ? 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಹೇಳೋದೂ ಇದನ್ನೇ. ನೆಲಮಹಡಿಯವರು ನಾವು ಲಿಫ್ಟ್ ಹತ್ತಲ್ಲ ಅಂತ ಅದರ ಖರ್ಚಿನಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ. ಬಾಕಿ ಉಳಿಸಿಕೊಂಡರೆ ಅದು ಫ್ಲ್ಯಾಟಿನ ಮೇಲೇ ಹೊರೆಯಾಗಿ ಕೂರುತ್ತದೆ. ಮಾರಿ ಹೋದರೂ ಆ ಹಳೇ ಬಾಕಿಗೆ ಮಾರಿದವರ ಜೊತೆ ಕೊಂಡವರೂ ಹೊಣೆ.

ಅಂದರೆ ನಾವು ಕೊಳ್ಳೋದು ನಾಲ್ಕು ಗೋಡೆ ಮಾತ್ರ ಅಲ್ಲ. ಕೆಳಗಿನ ಜಾಗದಲ್ಲಿ, ಲಿಫ್ಟಿನಲ್ಲಿ, ಸಂಪಿನಲ್ಲಿ, ಮೆಟ್ಟಿಲಿನಲ್ಲಿ ಯಾರೂ ಪಾಲು ಮಾಡಿಕೊಳ್ಳಲಾಗದ ಒಂದು ಭಾಗ ನಮ್ಮದಾಗುತ್ತದೆ. ಆ ಪಾಲಿನ ಜೊತೆ ಅಕ್ಕಪಕ್ಕದವರ ಮಾತೂ ನಮ್ಮ ಮನೆಯೊಳಗೆ ಬರುತ್ತದೆ. ಸಂಘದ ಒಳ್ಳೇದು, ಕೆಟ್ಟದ್ದು ಎರಡೂ ಹುಟ್ಟೋದು ಇಲ್ಲಿಂದಲೇ.

ನೀರಗಂಟಿ ಇದ್ದ ಹಾಗೆ

ಒಳ್ಳೇದು ಏನು ಅಂತ ಗೊತ್ತಾಗಿದ್ದು 2024ರ ಬೇಸಿಗೆಯಲ್ಲಿ. ಆ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆಯೋದು, ಗಿಡಕ್ಕೆ ಬಿಡೋದು, ಕಟ್ಟಡ ಕಾಮಗಾರಿಗೆ ಬಳಸೋದು ನಿಷೇಧಿಸಿ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತು. ನಮ್ಮ ಕಟ್ಟಡದಲ್ಲಿ ಸಂಘದವರು ನೀರು ಬಿಡುವ ಹೊತ್ತು ನಿಗದಿ ಮಾಡಿದರು, ಟ್ಯಾಂಕರಿನವರ ಜೊತೆ ಎಲ್ಲರ ಪರವಾಗಿ ಒಂದೇ ದರ ಮಾತಾಡಿದರು, ನಲ್ಲಿಗಳಿಗೆ ಏರೇಟರ್ ಹಾಕಿಸಿದರು. ಗೊಣಗಿದವರೂ ಇದ್ದರು. ಆದರೆ ಐದನೇ ಮಹಡಿಗೂ ನೆಲಮಹಡಿಗೂ ಒಂದೇ ಹೊತ್ತು ನೀರು ಬಂತು.

ನಮ್ಮ ಕಡೆ ಕೆರೆಗಳಿಗೆ ನೀರಗಂಟಿ ಇರುತ್ತಿದ್ದ. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳೋದು ಅವನ ಕೆಲಸ. ಕಾಲುವೆ ತುದಿಯ ಗದ್ದೆಯವನಿಗೂ ಪಾಲು ಸಿಗಬೇಕಾದರೆ ಅವನು ಇರಲೇಬೇಕಿತ್ತು. ಆಮೇಲೆ ಎಲ್ಲರೂ ತಂತಮ್ಮ ತೋಟಕ್ಕೆ ಬೋರ್‌ವೆಲ್ ಕೊರೆಸಿಕೊಂಡರು. ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಅಂತರ್ಜಲ ಮಾತ್ರ ಇಳಿಯುತ್ತಲೇ ಹೋಯ್ತು, ತೆಂಗಿನ ಸುಳಿ ಒಣಗಿದಾಗ ಪ್ರತಿಯೊಬ್ಬರೂ ಒಂಟಿಯಾಗೇ ನೋಡಿದರು. ತಾನೇ ರಾಜ ಅನ್ನೋ ಸ್ವಾತಂತ್ರ್ಯಕ್ಕೂ ಬೆಲೆ ಇದೆ ಅಂತ ತೋಟದವರಿಗೆ ಹೇಳಿಕೊಡಬೇಕಾಗಿಲ್ಲ.

ತಮ್ಮನ ಮನೆಯನ್ನೇ ನೋಡಿ. ಗೋಡೆಗೆ ಬೇಕಾದ ಬಣ್ಣ, ಅಂಗಳದಲ್ಲಿ ಎರಡು ತೆಂಗು, ಮಧ್ಯರಾತ್ರಿ ನೆಂಟರು ಬಂದರೂ ಗೇಟಿನಲ್ಲಿ ಹೆಸರು ಬರೆಸಬೇಕಾಗಿಲ್ಲ. ಆದರೆ ಮೋಟಾರ್ ಸುಟ್ಟರೆ ರಿವೈಂಡಿಂಗ್‌ಗೆ ಒಯ್ಯೋದು ಅವನೇ, ಟ್ಯಾಂಕ್ ತೊಳೆಸೋದು ಅವನೇ, ಊರಿಗೆ ಹೋದರೆ ಮನೆ ಕಾಯೋರಿಗೆ ಹುಡುಕೋದೂ ಅವನೇ. ಅಪ್ಪ ಮಂಡಿ ನೋವಿನಲ್ಲಿ ನಮ್ಮಲ್ಲಿಗೆ ಬಂದಿದ್ದಾಗ ಲಿಫ್ಟ್ ಇತ್ತು, ಕರೆಂಟ್ ಹೋದರೆ ಜನರೇಟರ್ ಇತ್ತು, ನಾನು ಆಫೀಸಿನಲ್ಲಿದ್ದ ಹೊತ್ತಿಗೆ ಒಂದು ಇಂಟರ್‌ಕಾಮ್ ಕರೆಗೆ ಓಡಿಬರುವ ಸೆಕ್ಯೂರಿಟಿ ಇದ್ದರು.

ಕಟ್ಟುಪಾಡು ಎಲ್ಲಿಯವರೆಗೆ?

ಈಗ ಇನ್ನೊಂದು ಮಗ್ಗುಲು. ಅಮ್ಮ ಬಂದಾಗ ಸಂಡಿಗೆ ಇಡೋಣ ಅಂದರು. ಟೆರೇಸಿಗೆ ಬೀಗ. ಕೀಲಿ ಕೇಳಿದರೆ ಕಮಿಟಿಗೆ ಇಮೇಲ್ ಮಾಡಿ ಅಂದರು. ಬಾಲ್ಕನಿಯಲ್ಲಿ ಬಟ್ಟೆ ಕಾಣಬಾರದು ಅನ್ನೋದು ಇನ್ನೊಂದು ನಿಯಮ. ತೋಟದಿಂದ ನಾಲ್ಕು ಚೀಲ ಕಾಯಿ ತಂದ ಅಪ್ಪನ ಗೂಡ್ಸ್ ಆಟೊ ಗೇಟಿನಾಚೆ ಮುಕ್ಕಾಲು ಗಂಟೆ ನಿಂತಿತ್ತು. ‘ನಿನ್ನ ಮನೆಗೆ ಬರೋಕೆ ಇವರಪ್ಪಣೆ ಬೇಕೇನೋ?’ ಅಂದರು ಅಪ್ಪ.

ಇವೆಲ್ಲ ಚಿಲ್ಲರೆ ಕಿರಿಕಿರಿ, ನಕ್ಕು ಬಿಡಬಹುದು. ಬಿಡಬಾರದವೂ ಇವೆ. ಬಾಡಿಗೆಗಿದ್ದ ಕಟ್ಟಡದಲ್ಲಿ ಬ್ಯಾಚುಲರ್‌ಗಳಿಗೆ ಬೇರೆ ನಿಯಮ ಇತ್ತು, ರಾತ್ರಿ ಹತ್ತರ ಮೇಲೆ ಸ್ನೇಹಿತರು ಬರುವ ಹಾಗಿಲ್ಲ. ಮೇಂಟೆನೆನ್ಸ್ ನಾನೇ ಕಟ್ಟುತ್ತಿದ್ದೆ, ಸಭೆಯಲ್ಲಿ ಕೂರುವಂತಿರಲಿಲ್ಲ. ಮನೆಗೆಲಸದ ಅಕ್ಕ ಒಂದು ಲಿಫ್ಟಿನಲ್ಲಿ, ನಾವು ಇನ್ನೊಂದರಲ್ಲಿ. ಊರಿನ ಕಟ್ಟುಪಾಡೂ ಎಲ್ಲರಿಗೂ ಒಂದೇ ಆಗಿರಲಿಲ್ಲ ಅನ್ನೋದು ಇಲ್ಲಿ ನೆನಪಾಗುತ್ತದೆ. ಯಾರು ಯಾವ ಬಾವಿಯಲ್ಲಿ ಸೇದಬೇಕು ಅಂತ ಗೆರೆ ಎಳೆದಿದ್ದೂ ಊರೇ. ಒಟ್ಟಾಗಿ ಬದುಕೋ ಹೆಸರಿನಲ್ಲಿ ಆ ಗೆರೆ ಲಿಫ್ಟಿನವರೆಗೆ ಬಂದರೆ ಅದನ್ನು ಶಿಸ್ತು ಅನ್ನೋಕಾಗಲ್ಲ.

ಬಹುಮತ ಇದೆ ಅಂತ ಎಲ್ಲವನ್ನೂ ಮಾಡೋಕೂ ಆಗಲ್ಲ. ನಾಯಿ ಸಾಕೋದನ್ನೇ ತಗೊಳ್ಳಿ. ಎಷ್ಟೇ ಜನ ಕೈ ಎತ್ತಿದರೂ ಸಂಘಗಳು ಸಾಕುಪ್ರಾಣಿ ನಿಷೇಧಿಸುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಅಮೆರಿಕದಲ್ಲಿರುವ ನಮ್ಮವರನ್ನು ಕೇಳಿ ನೋಡಿ. ಅಲ್ಲಿ ಸ್ವಂತ ಮನೆಯ ಮುಂದಿನ ಹುಲ್ಲು ಉದ್ದ ಬೆಳೆದರೂ ಸಂಘ ದಂಡ ಹಾಕಬಹುದು. ಬಾಕಿ ಕಟ್ಟದಿದ್ದರೆ ಮನೆ ಹರಾಜಿಗೆ ಹೋಗುವವರೆಗೂ ಹಲವು ರಾಜ್ಯಗಳಲ್ಲಿ ಅವಕಾಶ ಇದೆ. ಗೆರೆ ಎಲ್ಲಿ ಅಂತ ನಾವೇ ಕೇಳದಿದ್ದರೆ ಕಮಿಟಿ ತಾನಾಗಿ ನಿಲ್ಲಲ್ಲ.

ಟೋಕನ್ ಕೊಡುವ ಮುಂಚೆ

ಕೊಬ್ಬರಿ ಕೊಳ್ಳೋರು ಚೀಲದ ಮೇಲೆ ನೋಡಿ ದರ ಹೇಳಲ್ಲ, ಒಂದು ಉಂಡೆ ಒಡೆದು ನೋಡುತ್ತಾರೆ. ಫ್ಲ್ಯಾಟ್ ಕೊಳ್ಳುವ ಮುಂಚೆ ಸಂಘವನ್ನೂ ಹಾಗೇ ನೋಡಿ.

ಮೊದಲು, ಸಂಘ ಇದೆಯಾ, ಯಾವ ಕಾಯ್ದೆಯಡಿ ನೋಂದಣಿ ಆಗಿದೆ? ಅನೇಕ ಸಂಘಗಳು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಇವೆ. ಫ್ಲ್ಯಾಟ್ ಒಡೆತನಕ್ಕೆಂದೇ ಇರೋದು 1972ರ ಕಾಯ್ದೆ. ವ್ಯತ್ಯಾಸವನ್ನು ವಕೀಲರ ಹತ್ತಿರ ಕೇಳಿ.

ಹೊಸ ಕಟ್ಟಡವಾದರೆ ರೇರಾ ನೆನಪಿರಲಿ. 2016ರ ಈ ಕಾಯ್ದೆ ಪ್ರಕಾರ, ಅರ್ಧಕ್ಕಿಂತ ಹೆಚ್ಚು ಫ್ಲ್ಯಾಟ್ ಬುಕ್ ಆದ ಮೂರು ತಿಂಗಳೊಳಗೆ ಸಂಘ ರಚನೆಗೆ ಬಿಲ್ಡರ್ ದಾರಿ ಮಾಡಿಕೊಡಬೇಕು. ಸಾಮಾನ್ಯ ಜಾಗಗಳನ್ನು ಸಂಘದ ಹೆಸರಿಗೆ ಮಾಡಿಕೊಡಬೇಕು. ಕೈಗೆ ಬಂದ ಐದು ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಹೇಳಿದ 30 ದಿನದಲ್ಲಿ ಪುಕ್ಕಟೆ ಸರಿಮಾಡಿಕೊಡಬೇಕು. ಒಬ್ಬೊಬ್ಬರೇ ಬಿಲ್ಡರ್ ಆಫೀಸಿಗೆ ಅಲೆಯೋದಕ್ಕೂ ಇಡೀ ಕಟ್ಟಡ ಒಟ್ಟಾಗಿ ಕೇಳೋದಕ್ಕೂ ಎಷ್ಟು ಅಂತರ ಅಂತ ಇಂಥ ಹೊತ್ತಿನಲ್ಲಿ ಗೊತ್ತಾಗುತ್ತೆ.

ಆಮೇಲೆ ಲೆಕ್ಕ. ಹೋದ ವರ್ಷದ ಆಡಿಟ್ ವರದಿ, ಲಿಫ್ಟ್ ಬದಲಾಯಿಸೋದು, ಬಣ್ಣ ಹೊಡೆಸೋದು ಇಂಥ ದೊಡ್ಡ ಖರ್ಚಿಗೆ ಎತ್ತಿಟ್ಟ ನಿಧಿ, ಯಾರ್ಯಾರ ಬಾಕಿ ಎಷ್ಟು, ಮಾರುವವರ ಬಾಕಿ ಇಲ್ಲ ಅನ್ನೋ ಪತ್ರ. ಖರ್ಚುವೆಚ್ಚದ ಪುಸ್ತಕ ನೋಡೋದು 1972ರ ಕಾಯ್ದೆಯಡಿ ಮಾಲೀಕರ ಹಕ್ಕು. ಲೆಕ್ಕ ಕೇಳಿದ್ದಕ್ಕೆ ಮುಖ ಗಂಟು ಹಾಕುವ ಕಮಿಟಿ ಇದ್ದರೆ ಅಲ್ಲೇ ಅರ್ಧ ಉತ್ತರ ಸಿಕ್ಕಿತು.

ಕೊನೆಗೆ ಬೈಲಾ ಓದಿ. ನಲವತ್ತು ಪುಟ ಇದ್ದರೂ ಓದಿ. ಅದರಲ್ಲಿ ನಿಮ್ಮ ಅಪ್ಪ-ಅಮ್ಮನಿಗೆ, ನಾಳಿನ ಬಾಡಿಗೆದಾರರಿಗೆ, ನಿಮ್ಮ ಮನೆಗೆಲಸದವರಿಗೆ ಏನು ಬರೆದಿದೆ ನೋಡಿ.

ಹಾಗಾದರೆ ಯಾವುದು ಒಳ್ಳೇದು ಅಂತೀರಾ? ವಯಸ್ಸಾದವರಿಗೆ, ಕೆಲಸಕ್ಕೆಂದು ದಿನವಿಡೀ ಹೊರಗಿರೋರಿಗೆ, ಒಂಟಿಯಾಗಿ ಇರೋ ಹೆಣ್ಣುಮಕ್ಕಳಿಗೆ ನಾನು ಅಪಾರ್ಟ್‌ಮೆಂಟ್ ಅಂತೀನಿ. ಆದರೆ ಭಾನುವಾರದ ಸಭೆಗೆ ಎರಡು ಗಂಟೆ ಕೊಡೋಕೆ ತಯಾರಿಲ್ಲದವರು ತಿಪಟೂರಿನಲ್ಲೇ ಸೈಟ್ ನೋಡೋದು ವಾಸಿ. ನಮ್ಮ ಕಟ್ಟಡದಲ್ಲಿ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಕೂಗಾಡೋರು ಬಹಳ, ಸಭೆಗೆ ಬರೋರು ಕೆಲವೇ ಮಂದಿ. ನಿಯಮ ಮಾಡೋದು ಆ ಕೆಲವರೇ.

ಮುಂದಿನ ವಾರ್ಷಿಕ ಸಭೆಗೆ ಎರಡು ವಿಷಯ ಬರೆದುಕೊಟ್ಟಿದ್ದೇನೆ. ಒಂದು, ಬಾಡಿಗೆದಾರರಿಗೂ ಸಭೆಯಲ್ಲಿ ಮಾತಾಡುವ ಅವಕಾಶ. ಇನ್ನೊಂದು, ಬೇಸಿಗೆಯಲ್ಲಿ ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ಟೆರೇಸ್ ಬೀಗ ತೆಗೆಯೋದು. ಎರಡನೆಯದಕ್ಕೆ ಈಗಾಗಲೇ ಹನ್ನೊಂದು ಮನೆಯವರು ಸಹಿ ಹಾಕಿದ್ದಾರೆ, ಬಹುಪಾಲು ಅಮ್ಮಂದಿರೇ.